ಹಾರ್ಟ್ ಫೇಲ್ಯೂರ್‌ಗೆ ಬೀಟಾ ಬ್ಲಾಕರ್: ಸಕ್ಕರೆ, ಉಬ್ಬಸ, ಕಡಿಮೆ ಬಿಪಿ ಇದ್ದವರಿಗೆ ಯಾವುದು ಒಗ್ಗುತ್ತದೆ?

ಎಕೋ ರಿಪೋರ್ಟಿನಲ್ಲಿ ಇಎಫ್ (ಒಂದು ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಶೇಕಡಾ ಲೆಕ್ಕ) 30 ಅಂತ ಬಂದಿದೆ. ವೈದ್ಯರು ಬರೆದ ಚೀಟಿಯಲ್ಲಿ ಕಾರ್ವೆಡಿಲಾಲ್ ಅಂತಲೋ ಬಿಸೊಪ್ರೊಲಾಲ್ ಅಂತಲೋ ಬೀಟಾ ಬ್ಲಾಕರ್ ಗುಂಪಿನ ಒಂದು ಮಾತ್ರೆ ಇದೆ. ಮನೆಯಲ್ಲಿ ಯಾರೋ ಮೊಬೈಲಿನಲ್ಲಿ ಹುಡುಕುತ್ತಾರೆ. ಬಿಪಿ ಇಳಿಸುತ್ತದೆ, ನಾಡಿ ನಿಧಾನ ಮಾಡುತ್ತದೆ, ಉಬ್ಬಸ ಇದ್ದವರಿಗೆ ಆಗದು, ಸಕ್ಕರೆ ಕಾಯಿಲೆಯವರು ಎಚ್ಚರ ಎಂದೆಲ್ಲ ಕಾಣುತ್ತದೆ. ಅಪ್ಪನಿಗೆ ಇವುಗಳಲ್ಲಿ ಮೂರು ಇವೆಯಲ್ಲ ಅಂತ ಗಾಬರಿಯಾಗಿ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಇದು ತುಂಬ ಮನೆಗಳಲ್ಲಿ ಆಗುತ್ತದೆ. ಆಗಬಾರದು.

ನಾನು ಹೇಳಬೇಕಾದ್ದು ಇಷ್ಟು. ಇಎಫ್ 40 ಅಥವಾ ಅದಕ್ಕಿಂತ ಕಡಿಮೆ ಇರುವ ಹಾರ್ಟ್ ಫೇಲ್ಯೂರ್‌ನಲ್ಲಿ ವಯಸ್ಸು, ಸಕ್ಕರೆ, ಕಿಡ್ನಿ, ಶ್ವಾಸಕೋಶದ ತೊಂದರೆಗಳು ಬೀಟಾ ಬ್ಲಾಕರ್ ಬೇಕೋ ಬೇಡವೋ ಅನ್ನುವುದನ್ನು ತೀರ್ಮಾನಿಸುವುದು ಅಪರೂಪ. ಯಾವ ಬೀಟಾ ಬ್ಲಾಕರ್, ಎಷ್ಟರಿಂದ ಶುರು, ಎಷ್ಟು ನಿಧಾನವಾಗಿ ಏರಿಸುವುದು ಅನ್ನುವುದನ್ನು ತೀರ್ಮಾನಿಸುತ್ತವೆ. ಅಪಾಯ ಜಾಸ್ತಿ ಇರುವವರಿಗೇ ಈ ಮಾತ್ರೆಯಿಂದ ಲಾಭವೂ ಜಾಸ್ತಿ. ಆದರೆ ಅಂಥವರಿಗೇ ಇದು ಸಿಗದೆ ಹೋಗುತ್ತದೆ, ಅಥವಾ ಸಿಕ್ಕರೂ ಮೊದಲ ಡೋಸಿನಲ್ಲೇ ವರ್ಷಗಟ್ಟಲೆ ನಿಂತುಬಿಡುತ್ತದೆ. 2013ರಲ್ಲಿ ನಡೆದ ತಿರುವನಂತಪುರ ಹಾರ್ಟ್ ಫೇಲ್ಯೂರ್ ರಿಜಿಸ್ಟ್ರಿಯಲ್ಲಿ 1205 ರೋಗಿಗಳಿದ್ದರು, ಸರಾಸರಿ ವಯಸ್ಸು 61. ಪಂಪಿಂಗ್ ಕಡಿಮೆಯಾಗಿದ್ದವರ ಪೈಕಿ ಆಸ್ಪತ್ರೆಯಿಂದ ಹೊರಡುವಾಗ ಮಾರ್ಗಸೂಚಿ ಹೇಳುವಷ್ಟು ಔಷಧಿ ಸಿಕ್ಕಿದ್ದು ಸುಮಾರು ಕಾಲು ಭಾಗದಷ್ಟು ಜನರಿಗೆ ಮಾತ್ರ.

ಇದನ್ನು ಓದಿ ನೀವೇ ಮಾತ್ರೆ ಬದಲಿಸಬೇಡಿ. ವೈದ್ಯರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳುವುದಕ್ಕೆ ಮಾತ್ರ ಬಳಸಿ.

ಮೊದಲು, ಸೋತ ಹೃದಯವನ್ನು ನಿಧಾನ ಮಾಡುವುದು ಯಾಕೆ

ಹೃದಯ ಸರಿಯಾಗಿ ಪಂಪ್ ಮಾಡದಿದ್ದಾಗ ದೇಹ ಅಡ್ರಿನಲಿನ್ ಥರದ ಹಾರ್ಮೋನುಗಳನ್ನು ಸುರಿದು ಹೃದಯವನ್ನು ಇನ್ನೂ ಜೋರಾಗಿ ಓಡಿಸುತ್ತದೆ. ಕೆಲವು ದಿನಗಳ ಮಟ್ಟಿಗೆ ಇದು ಕಾಪಾಡುತ್ತದೆ. ತಿಂಗಳುಗಟ್ಟಲೆ ನಡೆದರೆ ಹೃದಯದ ಸ್ನಾಯು ಹಾಳಾಗುತ್ತದೆ, ಹೃದಯ ಹಿಗ್ಗುತ್ತದೆ, ಬಡಿತದ ಲಯ ತಪ್ಪಿ ದಿಢೀರ್ ಸಾವು ಕೂಡ ಬರಬಹುದು. ಬೀಟಾ ಬ್ಲಾಕರ್ ಈ ಹೊಡೆತದಿಂದ ಹೃದಯವನ್ನು ಮರೆಮಾಡುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಅವರ ಜೊತೆಗಾರರು 1975ರಲ್ಲಿ ಏಳು ರೋಗಿಗಳಿಗೆ ಇದನ್ನು ಕೊಟ್ಟು ಸುಧಾರಣೆ ಕಂಡದ್ದನ್ನು ಪ್ರಕಟಿಸಿದಾಗ ಹೆಚ್ಚಿನವರು ನಂಬಲಿಲ್ಲ, ಯಾಕೆಂದರೆ ಆಗಿನ ಪಾಠವೇ ಹಾರ್ಟ್ ಫೇಲ್ಯೂರ್ ಇದ್ದರೆ ಬೀಟಾ ಬ್ಲಾಕರ್ ಕೊಡಬೇಡಿ ಅಂತಿತ್ತು. ದೊಡ್ಡ ಪ್ರಯೋಗಗಳು ಬಂದು ಆ ಪಾಠ ಬದಲಾಗಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಆ ಹಳೆಯ ಭಯ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.

ಆಯ್ಕೆಯಲ್ಲಿರುವ ನಾಲ್ಕು, ಆಯ್ಕೆಯಲ್ಲಿ ಇಲ್ಲದ ಮೂರು

ಬೀಟಾ ಬ್ಲಾಕರ್ ಅನ್ನುವ ಗುಂಪಿನಲ್ಲಿ ಬೇಕಾದಷ್ಟು ಮಾತ್ರೆಗಳಿವೆ. ಹಾರ್ಟ್ ಫೇಲ್ಯೂರ್‌ಗೆ ಎಲ್ಲವೂ ಒಂದೇ ಅಲ್ಲ.

ಬಿಸೊಪ್ರೊಲಾಲ್: 1999ರ ಸಿಬಿಸ್-2 ಪ್ರಯೋಗದಲ್ಲಿ 2647 ರೋಗಿಗಳು, ಸಾವು 34 ಶೇಕಡಾ ಕಡಿಮೆ. ಮೆಟೊಪ್ರೊಲಾಲ್ ಸಕ್ಸಿನೇಟ್: ಅದೇ ವರ್ಷದ ಮೆರಿಟ್-ಎಚ್‌ಎಫ್, 3991 ರೋಗಿಗಳು, ಇಲ್ಲೂ 34 ಶೇಕಡಾ. ಕಾರ್ವೆಡಿಲಾಲ್: 2001ರ ಕೊಪರ್ನಿಕಸ್ ಪ್ರಯೋಗದಲ್ಲಿ ಇಎಫ್ 25ಕ್ಕಿಂತ ಕಡಿಮೆ ಇದ್ದ, ಕೂತಲ್ಲೇ ಅಥವಾ ಸ್ವಲ್ಪ ಓಡಾಡಿದರೂ ಏದುಸಿರು ಬರುತ್ತಿದ್ದ 2289 ಜನ, ಅವರಲ್ಲಿ 35 ಶೇಕಡಾ ಕಡಿಮೆ. ನೆಬಿವೊಲಾಲ್‌ದು ಸ್ವಲ್ಪ ಬೇರೆ ಕಥೆ. 2005ರ ಸೀನಿಯರ್ಸ್ ಪ್ರಯೋಗದಲ್ಲಿ 70 ದಾಟಿದ 2128 ಜನರಿಗೆ ಕೊಟ್ಟಾಗ ಸಾವು ಮತ್ತು ಹೃದಯದ ಕಾರಣಕ್ಕೆ ಆಸ್ಪತ್ರೆ ಸೇರುವುದು ಎರಡನ್ನೂ ಸೇರಿಸಿ ನೋಡಿದರೆ 14 ಶೇಕಡಾ ಇಳಿಯಿತು, ಆದರೆ ಸಾವನ್ನು ಮಾತ್ರ ಬೇರೆಯಾಗಿ ನೋಡಿದರೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಯುರೋಪಿನಲ್ಲಿ ಹಿರಿಯರ ಹಾರ್ಟ್ ಫೇಲ್ಯೂರ್‌ಗೆ ಇದಕ್ಕೆ ಒಪ್ಪಿಗೆ ಇದೆ, ಅಮೆರಿಕದಲ್ಲಿ ಬಿಪಿಗೆ ಮಾತ್ರ. ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲ ಮೂರು ಒಂದು ಸಾಲು, ನೆಬಿವೊಲಾಲ್ ಅದರ ಹಿಂದಿನ ಸಾಲು.

ಇನ್ನು ಆಯ್ಕೆಯಲ್ಲಿ ಇಲ್ಲದವು. ಅಟೆನೊಲಾಲ್ ನಮ್ಮಲ್ಲಿ ಬಿಪಿಗೆಂದು ಎಷ್ಟೋ ಜನ ವರ್ಷಗಳಿಂದ ನುಂಗುತ್ತಿದ್ದಾರೆ. ಪ್ರೊಪ್ರನೊಲಾಲ್ ಅನ್ನು ನಡುಕಕ್ಕೆ, ಥೈರಾಯ್ಡಿಗೆ, ಮೈಗ್ರೇನಿಗೆ ಕೊಡುತ್ತಾರೆ. ಇವೆರಡಕ್ಕೂ ಹಾರ್ಟ್ ಫೇಲ್ಯೂರ್‌ನಲ್ಲಿ ಜೀವ ಉಳಿಸುವ ಅಂಥ ಪುರಾವೆ ಇಲ್ಲ. ಮೂರನೆಯದು ಮೆಟೊಪ್ರೊಲಾಲ್ ಟಾರ್ಟ್ರೇಟ್. ಹೆಸರಿನ ಅರ್ಧ ಒಂದೇ ಆದ್ದರಿಂದ ಜನ ಇಲ್ಲೇ ಎಡವುತ್ತಾರೆ. 2003ರ ಕಾಮೆಟ್ ಪ್ರಯೋಗದಲ್ಲಿ ಕಾರ್ವೆಡಿಲಾಲ್ ತೆಗೆದುಕೊಂಡವರಲ್ಲಿ 34 ಶೇಕಡಾ ಜನ, ಟಾರ್ಟ್ರೇಟ್ ತೆಗೆದುಕೊಂಡವರಲ್ಲಿ 40 ಶೇಕಡಾ ಜನ ತೀರಿಕೊಂಡರು. ಟಾರ್ಟ್ರೇಟ್ ಡೋಸ್ ಕಡಿಮೆಯಿತ್ತು ಅನ್ನುವ ವಾದ ಇದೆ, ನಿಜ. ಆದರೂ ಸಕ್ಸಿನೇಟ್ ಸುಲಭವಾಗಿ ಸಿಗುವಾಗ ಟಾರ್ಟ್ರೇಟ್ ಯಾಕೆ? ಸ್ಟ್ರಿಪ್ ಹಿಂದೆ ಬರೆದಿರುವ ಪೂರ್ತಿ ಹೆಸರು ಓದಿ. ಸಕ್ಸಿನೇಟ್ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ದಿನಕ್ಕೆ ಒಂದು ಸಲ ಸಾಕು. ಅದನ್ನು ಪುಡಿ ಮಾಡಿ, ಅಗಿದು ನುಂಗಬಾರದು. ಅದರ ಮೇಲೆ 47.5 ಅಂತ ಬರೆದಿದ್ದರೆ ಹೆದರಬೇಡಿ, ಅದೇ 50ರ ಮಾತ್ರೆ.

ಬಿಪಿ ಕಡಿಮೆ ಇದ್ದರೆ

ಹಾರ್ಟ್ ಫೇಲ್ಯೂರ್ ಇರುವವರಲ್ಲಿ ಮೇಲಿನ ಬಿಪಿ 100 ಇರುವುದು ಮಾಮೂಲಿ. ತಲೆ ಸುತ್ತು, ಕಣ್ಣು ಕತ್ತಲೆ ಇಲ್ಲದೆ ಓಡಾಡಿಕೊಂಡಿದ್ದರೆ ಆ 100 ಮಾತ್ರೆ ನಿಲ್ಲಿಸಲು ಕಾರಣವೇ ಅಲ್ಲ. ಕೊಪರ್ನಿಕಸ್‌ನಲ್ಲಿ 85 ಇದ್ದವರನ್ನೂ ಸೇರಿಸಿಕೊಂಡಿದ್ದರು.

ಇಲ್ಲಿ ಆಯ್ಕೆ ಮುಖ್ಯ. ಕಾರ್ವೆಡಿಲಾಲ್ ಬೀಟಾ ಜೊತೆಗೆ ಆಲ್ಫಾ ತಡೆಯನ್ನೂ ಮಾಡುತ್ತದೆ, ಅಂದರೆ ರಕ್ತನಾಳಗಳನ್ನು ಸಡಿಲಿಸಿ ಬಿಪಿಯನ್ನು ಇನ್ನಷ್ಟು ಇಳಿಸುತ್ತದೆ. ಬಿಪಿ ಜಾಸ್ತಿ ಇರುವ ರೋಗಿಗೆ ಇದೇ ಲಾಭ. 95ರಲ್ಲಿ ತೂಗಾಡುತ್ತಿರುವ ರೋಗಿಗೆ ಬಿಸೊಪ್ರೊಲಾಲ್ ಅಥವಾ ಮೆಟೊಪ್ರೊಲಾಲ್ ಸಕ್ಸಿನೇಟ್ ಸುಲಭ. ಕಾರ್ವೆಡಿಲಾಲನ್ನೇ ತೆಗೆದುಕೊಳ್ಳಬೇಕಿದ್ದರೆ ಊಟದ ಜೊತೆ ತೆಗೆದುಕೊಳ್ಳಿ, ರಕ್ತಕ್ಕೆ ನಿಧಾನವಾಗಿ ಸೇರಿ ಎದ್ದು ನಿಂತಾಗಿನ ತಲೆಸುತ್ತು ಕಡಿಮೆಯಾಗುತ್ತದೆ. ಹಿರಿಯರಿಗೆ ಕೂತಾಗಿನ ಬಿಪಿ ಮಾತ್ರ ನೋಡಿ ಸುಮ್ಮನಾಗಬೇಡಿ, ನಿಂತ ಮೇಲೂ ನೋಡಿ. ಇನ್ನೊಂದು ವಿಷಯ: ಬಿಪಿ ಬಿದ್ದಾಗ ಬೀಟಾ ಬ್ಲಾಕರನ್ನೇ ಮೊದಲು ತೆಗೆಯುವುದು ರೂಢಿಯಾಗಿಬಿಟ್ಟಿದೆ. ಹೃದಯಕ್ಕೆ ಏನೂ ಮಾಡದ ಬೇರೆ ಬಿಪಿ ಮಾತ್ರೆ ಪಟ್ಟಿಯಲ್ಲಿ ಇದೆಯಾ, ಕಾಲು ಊತ ಇಳಿದ ಮೇಲೂ ನೀರಿನ ಮಾತ್ರೆ ಅಷ್ಟೇ ಡೋಸಿನಲ್ಲಿ ನಡೆಯುತ್ತಿದೆಯಾ, ಪ್ರಾಸ್ಟೇಟಿಗೆಂದು ರಾತ್ರಿ ತೆಗೆದುಕೊಳ್ಳುವ ಮಾತ್ರೆ ಬಿಪಿ ಇಳಿಸುತ್ತಿದೆಯಾ ಎಂದು ಮೊದಲು ಕೇಳಿ.

ನಾಡಿ ಮತ್ತು ಅದರ ಲಯ

ನಾಡಿ 50ಕ್ಕಿಂತ ಕಡಿಮೆ ಇದ್ದರೆ, ಅಥವಾ ಇಸಿಜಿಯಲ್ಲಿ ಎರಡನೇ ಇಲ್ಲವೇ ಮೂರನೇ ದರ್ಜೆಯ ಹಾರ್ಟ್ ಬ್ಲಾಕ್ (ರಕ್ತನಾಳದ ಬ್ಲಾಕ್ ಅಲ್ಲ, ಬಡಿತದ ವಿದ್ಯುತ್ ಸಂಕೇತ ದಾರಿಯಲ್ಲಿ ತಡೆಯಾಗುವುದು) ಇದ್ದು ಪೇಸ್‌ಮೇಕರ್ ಇಲ್ಲದಿದ್ದರೆ, ಬೀಟಾ ಬ್ಲಾಕರ್ ಶುರು ಮಾಡುವುದಿಲ್ಲ. ಇದು ನಿಜವಾದ ಅಡ್ಡಿ. ಬಿಪಿಗೆ, ಎದೆನೋವಿಗೆ ಕೊಡುವ ವೆರಪಮಿಲ್, ಡಿಲ್ಟಿಯಾಜೆಮ್ ಜೊತೆಗಿದ್ದರೆ ನಾಡಿ ಅಪಾಯದಷ್ಟು ಇಳಿಯಬಹುದು. ಇಎಫ್ ಕಡಿಮೆ ಇರುವವರಿಗೆ ಆ ಎರಡು ಹೇಗೂ ಬೇಡ.

ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ನಾಡಿ ಅಡ್ಡಾದಿಡ್ಡಿ ಹೊಡೆಯುವ ಸ್ಥಿತಿ ಇದ್ದರೆ ಲೆಕ್ಕ ಬದಲಾಗುತ್ತದೆ. ಹಲವು ಪ್ರಯೋಗಗಳ ರೋಗಿಗಳನ್ನು ಒಟ್ಟಿಗೆ ಸೇರಿಸಿ 2014ರಲ್ಲಿ ನೋಡಿದಾಗ, ಲಯ ಸರಿಯಿದ್ದವರಲ್ಲಿ ಸಾವು ಚೆನ್ನಾಗಿಯೇ ಇಳಿದಿತ್ತು, ಫಿಬ್ರಿಲೇಷನ್ ಇದ್ದ 3066 ಜನರಲ್ಲಿ ಆ ಲಾಭ ಕಾಣಲಿಲ್ಲ. ಹಾನಿಯೂ ಕಾಣಲಿಲ್ಲ. ಓಡುವ ನಾಡಿಯನ್ನು ಹಿಡಿತಕ್ಕೆ ತರಲು ಅವರಿಗೂ ಇದು ಬೇಕೇ ಬೇಕು, ಆದರೆ ತಲೆ ತಿರುಗುತ್ತಿದ್ದರೂ ಪೂರ್ತಿ ಡೋಸ್ ಮುಟ್ಟಿಸಲೇಬೇಕು ಅನ್ನುವ ಹಠ ಅವರ ವಿಷಯದಲ್ಲಿ ಬೇಡ.

ದಮ್ಮು: ಇಲ್ಲೇ ಹೆಚ್ಚು ಗೊಂದಲ

ಬೀಡಿ ಸೇದಿ ಅಥವಾ ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದು ಬಂದ, ಶ್ವಾಸನಾಳ ಶಾಶ್ವತವಾಗಿ ಕಿರಿದಾಗುವ ಸಿಒಪಿಡಿ ಬೇರೆ. ಚಿಕ್ಕಂದಿನಿಂದ ಬಂದು ಹೋಗುವ, ಧೂಳಿಗೋ ಚಳಿಗೋ ಎದ್ದೇಳುವ ಆಸ್ತಮಾ ಬೇರೆ. ಮನೆಯಲ್ಲಿ ಎರಡನ್ನೂ ದಮ್ಮು ಅಂತಲೇ ಕರೆಯುತ್ತೇವೆ. ಬೀಟಾ ಬ್ಲಾಕರ್ ವಿಷಯದಲ್ಲಿ ಮಾತ್ರ ಎರಡಕ್ಕೂ ಅಜಗಜಾಂತರ.

ಸಿಒಪಿಡಿ ಇದ್ದವರಿಗೆ ಹಾರ್ಟ್ ಫೇಲ್ಯೂರ್ ಇದ್ದರೆ ಬೀಟಾ ಬ್ಲಾಕರ್ ಕೊಡಬಹುದು, ಕೊಡಬೇಕು. ಆದರೆ ಹೃದಯದ ಬೀಟಾ-1 ಮೇಲೆ ಹೆಚ್ಚು, ಶ್ವಾಸನಾಳದ ಬೀಟಾ-2 ಮೇಲೆ ಕಡಿಮೆ ಕೆಲಸ ಮಾಡುವುದನ್ನು ಆರಿಸಬೇಕು. ಬಿಸೊಪ್ರೊಲಾಲ್, ನೆಬಿವೊಲಾಲ್, ಮೆಟೊಪ್ರೊಲಾಲ್ ಸಕ್ಸಿನೇಟ್ ಈ ಥರದವು. ಕಾರ್ವೆಡಿಲಾಲ್ ಎರಡನ್ನೂ ತಡೆಯುತ್ತದೆ. ಹಾರ್ಟ್ ಫೇಲ್ಯೂರ್ ಮತ್ತು ಸಿಒಪಿಡಿ ಎರಡೂ ಇದ್ದವರಿಗೆ ಒಂದಾದ ಮೇಲೊಂದು ಮಾತ್ರೆ ಕೊಟ್ಟು ಊದಿಸಿ ಅಳೆದ 2010ರ ಅಧ್ಯಯನದಲ್ಲಿ ಉಸಿರಿನ ಅಳತೆ ಬಿಸೊಪ್ರೊಲಾಲ್‌ನಲ್ಲಿ ಚೆನ್ನಾಗಿತ್ತು, ಕಾರ್ವೆಡಿಲಾಲ್‌ನಲ್ಲಿ ಎಲ್ಲಕ್ಕಿಂತ ಕಡಿಮೆ ಇತ್ತು. ನನ್ನನ್ನು ಕೇಳಿದರೆ ಸಿಒಪಿಡಿ ಇದ್ದಲ್ಲಿ ಮೊದಲ ಆಯ್ಕೆ ಬಿಸೊಪ್ರೊಲಾಲ್, ಇದರಲ್ಲಿ ನನಗೆ ಸಂಶಯವಿಲ್ಲ.

ಹೃದಯದ ಕಾರಣವಿಲ್ಲದೆ ಸುಮ್ನೆ ಸಿಒಪಿಡಿಗೆ ಒಳ್ಳೆಯದಾಗುತ್ತದೆಂದು ಬೀಟಾ ಬ್ಲಾಕರ್ ಕೊಡುವುದು ಬೇರೆ ಮಾತು. 2019ರ ಪ್ರಯೋಗವೊಂದರಲ್ಲಿ ಹಾಗೆ ಮೆಟೊಪ್ರೊಲಾಲ್ ಕೊಟ್ಟಾಗ ಪ್ರಯೋಜನವಾಗಲಿಲ್ಲ, ದಮ್ಮು ಉಲ್ಬಣಿಸಿ ಆಸ್ಪತ್ರೆ ಸೇರುವುದು ಜಾಸ್ತಿಯಾಯಿತು. ಆ ಫಲಿತಾಂಶ ತೋರಿಸಿ ಹಾರ್ಟ್ ಫೇಲ್ಯೂರ್ ರೋಗಿಯ ಮಾತ್ರೆ ನಿಲ್ಲಿಸುವುದು ತಪ್ಪು, ಯಾಕೆಂದರೆ ಆ ಪ್ರಯೋಗದಲ್ಲಿ ಇದ್ದವರು ಬೀಟಾ ಬ್ಲಾಕರಿನ ಅಗತ್ಯವೇ ಇಲ್ಲದವರು.

ಆಸ್ತಮಾದಲ್ಲಿ ಎಚ್ಚರ ಜಾಸ್ತಿ. ಪದೇ ಪದೇ ಉಲ್ಬಣಿಸುವ ಆಸ್ತಮಾ ಇದ್ದರೆ ಕಾರ್ವೆಡಿಲಾಲ್ ಬೇಡವೇ ಬೇಡ. ಚಿಕ್ಕಂದಿನಲ್ಲಿ ಯಾವಾಗಲೋ ಉಬ್ಬಸ ಇತ್ತು, ಈಗ ಏನೂ ಇಲ್ಲ ಅನ್ನುವವರಿಗೆ, ತಜ್ಞರ ಕಣ್ಣೆದುರು, ಬಿಸೊಪ್ರೊಲಾಲ್ 1.25 ಮಿಲಿಗ್ರಾಂನಿಂದ ಹುಷಾರಾಗಿ ಶುರು ಮಾಡಿ ನೋಡುವುದುಂಟು. ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ರಾತ್ರಿ ಮಲಗಿದಾಗ ಬರುವ ಈ ಉಬ್ಬಸ ನಿಜವಾಗಿ ಆಸ್ತಮಾವಾ, ಶ್ವಾಸಕೋಶದಲ್ಲಿ ನೀರು ತುಂಬಿದ್ದಾ? ಅರವತ್ತು ದಾಟಿದ ಮೇಲೆ ಮೊದಲ ಬಾರಿ ಬಂದ ದಮ್ಮನ್ನು ಆಸ್ತಮಾ ಅಂತ ಬರೆದುಬಿಟ್ಟರೆ ಆ ರೋಗಿಗೆ ಬೇಕಾದ ಮಾತ್ರೆಯ ಬಾಗಿಲೇ ಮುಚ್ಚಿಹೋಗುತ್ತದೆ.

ಸಕ್ಕರೆ ಕಾಯಿಲೆ

ಸಕ್ಕರೆ ಇದ್ದವರಿಗೆ ಹಾರ್ಟ್ ಫೇಲ್ಯೂರ್ ಇನ್ನೂ ಅಪಾಯಕಾರಿ, ಹಾಗಾಗಿ ಬೀಟಾ ಬ್ಲಾಕರ್ ಬಿಡುವುದು ಅವರಿಗೇ ಹೆಚ್ಚು ನಷ್ಟ. ಭಯ ಏನೆಂದರೆ, ಶುಗರ್ ಇಳಿದಾಗ ಬರುವ ಎದೆಬಡಿತ ಮತ್ತು ನಡುಕವನ್ನು ಈ ಮಾತ್ರೆ ಮರೆಮಾಚುತ್ತದೆ. ಬೆವರು ಮಾತ್ರ ಮರೆಯಾಗುವುದಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು: ಕಾರಣವಿಲ್ಲದೆ ತಣ್ಣಗೆ ಬೆವರಿದರೆ ನಡುಕಕ್ಕೆ ಕಾಯದೆ ಶುಗರ್ ನೋಡಿ. ಮನೆಯವರಿಗೂ ಹೇಳಿಡಿ.

ಯಾವುದು ಒಳ್ಳೆಯದು? ಪದೇ ಪದೇ ಶುಗರ್ ಕುಸಿಯುವವರಿಗೆ ಬಿಸೊಪ್ರೊಲಾಲ್, ಮೆಟೊಪ್ರೊಲಾಲ್ ಮೇಲು, ಕುಸಿದ ಶುಗರ್ ಮತ್ತೆ ಏರುವುದಕ್ಕೆ ಇವು ಅಷ್ಟು ಅಡ್ಡಿ ಮಾಡುವುದಿಲ್ಲ. ಕುಸಿತದ ತೊಂದರೆ ಇಲ್ಲದೆ, ಬಿಪಿಯೂ ಶುಗರೂ ಎರಡೂ ಜಾಸ್ತಿ ಇರುವವರಿಗೆ ಕಾರ್ವೆಡಿಲಾಲ್ ಪರವಾಗಿ ಒಂದು ಮಾತಿದೆ. 2004ರ ಜೆಮಿನಿ ಪ್ರಯೋಗದಲ್ಲಿ ಮೆಟೊಪ್ರೊಲಾಲ್ ಟಾರ್ಟ್ರೇಟ್ ತೆಗೆದುಕೊಂಡವರ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) ಸ್ವಲ್ಪ ಏರಿತು, ಕಾರ್ವೆಡಿಲಾಲ್‌ನಲ್ಲಿ ಏರಲಿಲ್ಲ. ಆದರೆ ಅವರೆಲ್ಲ ಬಿಪಿ ರೋಗಿಗಳು, ಹಾರ್ಟ್ ಫೇಲ್ಯೂರ್ ರೋಗಿಗಳಲ್ಲ. ವ್ಯತ್ಯಾಸವೂ ಚಿಕ್ಕದು. ಇದೊಂದರ ಮೇಲೆ ಮಾತ್ರೆ ಬದಲಿಸುವಷ್ಟಿಲ್ಲ.

ಕಿಡ್ನಿ, ಲಿವರ್

ಕ್ರಿಯಾಟಿನಿನ್ ಜಾಸ್ತಿ ಇದೆಯೆಂದು ಬೀಟಾ ಬ್ಲಾಕರ್ ನಿಲ್ಲಿಸಬೇಕಿಲ್ಲ. ಮೆರಿಟ್-ಎಚ್‌ಎಫ್‌ನಲ್ಲಿ ಕಿಡ್ನಿ ದುರ್ಬಲವಿದ್ದವರಿಗೂ ಪೂರ್ತಿ ಲಾಭ ಸಿಕ್ಕಿದೆ. ಬಿಸೊಪ್ರೊಲಾಲ್ ಅರ್ಧ ಕಿಡ್ನಿಯಿಂದ, ಅರ್ಧ ಲಿವರ್‌ನಿಂದ ಹೊರಹೋಗುತ್ತದೆ. ಕಿಡ್ನಿ ತೀರಾ ಸೋತಿದ್ದರೆ ಅದನ್ನು ನಿಧಾನವಾಗಿ ಏರಿಸುತ್ತಾರೆ. ಕಾರ್ವೆಡಿಲಾಲ್, ಮೆಟೊಪ್ರೊಲಾಲ್ ಲಿವರ್ ದಾರಿ ಹಿಡಿಯುತ್ತವೆ, ಕಿಡ್ನಿ ರೋಗಿಗೆ ಅದು ಅನುಕೂಲ. ಲಿವರ್ ತೀವ್ರವಾಗಿ ಹಾಳಾಗಿದ್ದರೆ ಕಾರ್ವೆಡಿಲಾಲ್, ನೆಬಿವೊಲಾಲ್ ಎರಡೂ ಬೇಡ.

ವಯಸ್ಸು, ಮತ್ತು ಹೆಂಗಸರ ಡೋಸ್

ಎಂಬತ್ತಾಯಿತು, ಇನ್ಯಾಕೆ ಈ ಮಾತ್ರೆ ಅನ್ನುವ ಮಾತು ಕೇಳಿದಾಗ ಸಂಕಟವಾಗುತ್ತದೆ. ಸೀನಿಯರ್ಸ್ ಪ್ರಯೋಗದ ಸರಾಸರಿ ವಯಸ್ಸೇ 76. ವಯಸ್ಸಾದವರಲ್ಲಿ ಬಿಸೊಪ್ರೊಲಾಲ್ ಮತ್ತು ಕಾರ್ವೆಡಿಲಾಲನ್ನು ಎದುರುಬದುರು ಹೋಲಿಸಿದ ಸಿಬಿಸ್-ಇಎಲ್‌ಡಿ ಪ್ರಯೋಗದಲ್ಲಿ ಎರಡನ್ನೂ ಸಹಿಸಿಕೊಂಡವರ ಪ್ರಮಾಣ ಹೆಚ್ಚು ಕಡಿಮೆ ಒಂದೇ ಇತ್ತು. ತೊಂದರೆಯ ರೀತಿ ಮಾತ್ರ ಬೇರೆ: ಬಿಸೊಪ್ರೊಲಾಲ್‌ನಲ್ಲಿ ನಾಡಿ ಇಳಿಯುವುದು ಜಾಸ್ತಿ, ಕಾರ್ವೆಡಿಲಾಲ್‌ನಲ್ಲಿ ಉಸಿರಾಟದ ತೊಂದರೆ ಜಾಸ್ತಿ. ಅಂದರೆ ನಾಡಿ ಮೊದಲೇ 58 ಇರುವ ಅಜ್ಜನಿಗೆ ಕಾರ್ವೆಡಿಲಾಲ್, ಗಂಟಲು ಗೊರಗೊರ ಅನ್ನುವ ಅಜ್ಜನಿಗೆ ಬಿಸೊಪ್ರೊಲಾಲ್.

ಹೆಂಗಸರ ವಿಷಯ ಇನ್ನೂ ಸಾಕಷ್ಟು ಚರ್ಚೆಯಾಗಿಲ್ಲ. ಹಳೆಯ ಪ್ರಯೋಗಗಳಲ್ಲಿ ಇದ್ದವರು ಬಹುಪಾಲು ಗಂಡಸರು, ಡೋಸ್ ಕೂಡ ಅವರ ಮೇಲೆ ನಿಂತದ್ದು. 2019ರಲ್ಲಿ ಬಯೋಸ್ಟಾಟ್-ಸಿಎಚ್‌ಎಫ್ ಅಧ್ಯಯನದ ಲೆಕ್ಕ ಹಾಕಿದಾಗ, ಹೆಂಗಸರಲ್ಲಿ ಗುರಿ ಡೋಸಿನ ಅರ್ಧದಷ್ಟರಲ್ಲೇ ಒಳ್ಳೆಯ ಫಲಿತಾಂಶ ಕಂಡಿತು. ಇದು ಕೊನೆಯ ಮಾತಲ್ಲ. ಆದರೆ 45 ಕೆಜಿ ತೂಕದ ಅಮ್ಮ ಅರ್ಧ ಡೋಸಿನಲ್ಲಿ ಚೆನ್ನಾಗಿದ್ದು, ಪೂರ್ತಿ ಡೋಸಿನಲ್ಲಿ ಹಾಸಿಗೆ ಹಿಡಿಯುತ್ತಿದ್ದರೆ ಈ ಮಾತನ್ನು ವೈದ್ಯರ ಹತ್ತಿರ ಎತ್ತಬಹುದು, ಅಲ್ವಾ?

ಯಾರೂ ಕೇಳದ ಔಷಧಿಗಳು

ಗ್ಲಾಕೋಮಾಕ್ಕೆ ಕಣ್ಣಿಗೆ ಹಾಕುವ ಟಿಮೊಲಾಲ್ ಡ್ರಾಪ್ಸ್ ಕೂಡ ಬೀಟಾ ಬ್ಲಾಕರ್. ಕಣ್ಣಿನಿಂದ ರಕ್ತಕ್ಕೆ ಇಳಿದು ನಾಡಿ ನಿಧಾನ ಮಾಡುತ್ತದೆ, ಉಬ್ಬಸ ಎಬ್ಬಿಸುತ್ತದೆ. ಹೃದಯದ ಡಾಕ್ಟರಿಗೆ ಕಣ್ಣಿನ ಹನಿಯ ಬಗ್ಗೆ ಯಾರೂ ಹೇಳುವುದಿಲ್ಲ. ಹೇಳಿ. ಹುಳುಕಡ್ಡಿಗೆ ತಿಂಗಳುಗಟ್ಟಲೆ ಕೊಡುವ ಟರ್ಬಿನಾಫಿನ್ ಮಾತ್ರೆ, ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್, ಪ್ಯಾರೊಕ್ಸೆಟಿನ್ ಇವೆಲ್ಲ ಮೆಟೊಪ್ರೊಲಾಲ್ ಕರಗುವ ದಾರಿಯನ್ನು ತಡೆದು ರಕ್ತದಲ್ಲಿ ಅದರ ಮಟ್ಟ ಏರಿಸುತ್ತವೆ, ಇದ್ದಕ್ಕಿದ್ದಂತೆ ನಾಡಿ 45ಕ್ಕೆ ಇಳಿದರೆ ಹೃದಯವನ್ನು ಬೈಯುವ ಮೊದಲು ಹೊಸದಾಗಿ ಶುರುವಾದ ಮಾತ್ರೆ ಯಾವುದು ಅಂತ ನೋಡಬೇಕು. ಟಿಬಿಗೆ ಕೊಡುವ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ, ಬೀಟಾ ಬ್ಲಾಕರನ್ನು ಬೇಗ ಹೊರಹಾಕಿಸುತ್ತದೆ. ಮಂಡಿ ನೋವಿನ ಡೈಕ್ಲೊಫೆನಾಕ್ ಬೀಟಾ ಬ್ಲಾಕರಿಗೆ ನೇರ ಶತ್ರುವಲ್ಲ, ಆದರೆ ದೇಹದಲ್ಲಿ ನೀರು ನಿಲ್ಲಿಸಿ ಹಾರ್ಟ್ ಫೇಲ್ಯೂರ್ ಕೆರಳಿಸುತ್ತದೆ, ಮನೆಯವರು ಆ ಆಪಾದನೆಯನ್ನು ಬೀಟಾ ಬ್ಲಾಕರಿನ ಮೇಲೆ ಹೊರಿಸುತ್ತಾರೆ.

ಶುರು ಮಾಡುವ ಹೊತ್ತು, ಏರಿಸುವ ವೇಗ

ಯಾವ ಮಾತ್ರೆ ಅನ್ನುವಷ್ಟೇ ಯಾವಾಗ ಅನ್ನುವುದೂ ಮುಖ್ಯ. ಕಾಲು ಊದಿಕೊಂಡು, ಮಲಗಲಾಗದೆ ಏದುಸಿರು ಬಿಡುತ್ತಿರುವಾಗ ಹೊಸದಾಗಿ ಶುರು ಮಾಡುವಂತಿಲ್ಲ. ಮೊದಲು ನೀರು ಇಳಿಯಬೇಕು. ಆಮೇಲೆ ಚಿಕ್ಕ ಡೋಸ್: ಬಿಸೊಪ್ರೊಲಾಲ್ 1.25 ಮಿಲಿಗ್ರಾಂ, ಕಾರ್ವೆಡಿಲಾಲ್ 3.125 ದಿನಕ್ಕೆ ಎರಡು ಸಲ, ಮೆಟೊಪ್ರೊಲಾಲ್ ಸಕ್ಸಿನೇಟ್ 12.5 ಅಥವಾ 25. ಗುರಿ: ಬಿಸೊಪ್ರೊಲಾಲ್ 10, ಕಾರ್ವೆಡಿಲಾಲ್ 25 ದಿನಕ್ಕೆ ಎರಡು ಸಲ, ಮೆಟೊಪ್ರೊಲಾಲ್ ಸಕ್ಸಿನೇಟ್ 200. ಕಾರ್ವೆಡಿಲಾಲ್ ಮಾತ್ರ 85 ಕೆಜಿ ದಾಟಿದವರಿಗೆ ದಿನಕ್ಕೆ ಎರಡು ಸಲ 50ರವರೆಗೆ ಹೋಗುತ್ತದೆ. ರೂಢಿಯಲ್ಲಿ ಎರಡು ವಾರಕ್ಕೊಮ್ಮೆ ದುಪ್ಪಟ್ಟು ಮಾಡುತ್ತಾರೆ. 2022ರ ಸ್ಟ್ರಾಂಗ್-ಎಚ್‌ಎಫ್ ಪ್ರಯೋಗದಲ್ಲಿ ಆಸ್ಪತ್ರೆಯಿಂದ ಬಿಟ್ಟ ಎರಡೇ ವಾರದಲ್ಲಿ ಎಲ್ಲ ಹೃದಯದ ಔಷಧಿಗಳನ್ನೂ ಪೂರ್ತಿ ಡೋಸಿನ ಕಡೆಗೆ ಒಯ್ದರು. ಆರು ತಿಂಗಳಲ್ಲಿ ಸಾವು ಅಥವಾ ಹಾರ್ಟ್ ಫೇಲ್ಯೂರ್‌ಗೆ ಮತ್ತೆ ಆಸ್ಪತ್ರೆ ಸೇರುವುದು 23.3ರಿಂದ 15.2 ಶೇಕಡಾಕ್ಕೆ ಇಳಿಯಿತು. ಆದರೆ ಅಲ್ಲಿ ಪದೇ ಪದೇ ಕರೆಸಿ ಬಿಪಿ, ನಾಡಿ, ರಕ್ತ ನೋಡುತ್ತಿದ್ದರು. ಮೂರು ತಿಂಗಳಿಗೊಮ್ಮೆ ಊರಿಂದ ಬಸ್ಸು ಹತ್ತಿ ಬರುವ ರೋಗಿಗೆ ಆ ವೇಗ ಸುರಕ್ಷಿತವಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ನಡುವೆ ಎರಡು ಸಲ ತೋರಿಸುವ ವ್ಯವಸ್ಥೆ ಮಾಡಿಕೊಂಡರೆ ಏರಿಸುವುದು ಎಷ್ಟೋ ಸುಲಭ.

ಮೊದಲ ವಾರಗಳಲ್ಲಿ ಸುಸ್ತು ಜಾಸ್ತಿಯಾಗಬಹುದು. ಲಾಭ ಕಾಣಲು ತಿಂಗಳುಗಳು ಬೇಕು. ದಿನಾ ಬೆಳಿಗ್ಗೆ ತೂಕ ನೋಡಿ, ಎರಡು ಮೂರು ದಿನಗಳಲ್ಲಿ ಎರಡು ಕೆಜಿಯಷ್ಟು ಏರಿದರೆ ಫೋನ್ ಮಾಡಿ. ಆಗ ಸಾಮಾನ್ಯವಾಗಿ ನೀರಿನ ಮಾತ್ರೆ ಏರಿಸುತ್ತಾರೆ, ಬೀಟಾ ಬ್ಲಾಕರನ್ನು ಹಾಗೇ ಬಿಡುತ್ತಾರೆ ಅಥವಾ ಅರ್ಧಕ್ಕೆ ಇಳಿಸುತ್ತಾರೆ. ಎಚ್ಚರ ತಪ್ಪಿ ಬಿದ್ದರೆ, ಉಸಿರಾಟ ದಿಢೀರನೆ ಕಟ್ಟಿದರೆ ಫೋನಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಸಹಿಸಿಕೊಳ್ಳಬಹುದಾದಷ್ಟು ಡೋಸ್ ತೆಗೆದುಕೊಂಡರೂ, ಲಯ ಸರಿಯಿದ್ದು, ನಾಡಿ 70ರ ಮೇಲೇ ಇದ್ದರೆ ನಾಡಿಯನ್ನಷ್ಟೇ ನಿಧಾನ ಮಾಡುವ ಐವಬ್ರಡಿನ್ ಮಾತ್ರೆ ಸೇರಿಸುವುದುಂಟು. 2010ರ ಶಿಫ್ಟ್ ಪ್ರಯೋಗ ಅದಕ್ಕೆ ಆಧಾರ. ಅದು ಜೊತೆಗಾರ ಮಾತ್ರ, ಬದಲಿ ಅಲ್ಲ.

ಇಎಫ್ 50ರ ಮೇಲಿರುವ ಹಾರ್ಟ್ ಫೇಲ್ಯೂರ್‌ಗೆ ಈ ಲೇಖನದ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಬೀಟಾ ಬ್ಲಾಕರ್ ಕೊಡಬೇಕಾದರೆ ಬಿಪಿ, ಎದೆನೋವು, ಫಿಬ್ರಿಲೇಷನ್ ಥರದ ಬೇರೆ ಕಾರಣ ಬೇಕು.

ಚೆನ್ನಾದ ಮೇಲೆ ನಿಲ್ಲಿಸಬಹುದಾ?

ಇಎಫ್ 30 ಇದ್ದದ್ದು 55 ಆಯಿತು, ಇನ್ನು ಮಾತ್ರೆ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. 2018ರ ಟ್ರೆಡ್-ಎಚ್‌ಎಫ್ ಪ್ರಯೋಗದಲ್ಲಿ, ಹಿಗ್ಗಿದ ಹೃದಯ ಪೂರ್ತಿ ಸುಧಾರಿಸಿದವರ ಔಷಧಿಗಳನ್ನು ಹಂತಹಂತವಾಗಿ ನಿಲ್ಲಿಸಿ ನೋಡಿದರು. ಆರು ತಿಂಗಳೊಳಗೆ ಸುಮಾರು 44 ಶೇಕಡಾ ಜನರಿಗೆ ಕಾಯಿಲೆ ಮರುಕಳಿಸಿತು. ದಿಢೀರನೆ ನಿಲ್ಲಿಸುವುದಂತೂ ಇನ್ನೂ ಕೆಟ್ಟದು, ನಾಡಿ ಮತ್ತು ಬಿಪಿ ಜಿಗಿದು ಹೃದಯಾಘಾತವೇ ಆಗಬಹುದು. ಹಾಗಾಗಿ ಊರಿಗೆ ಹೊರಡುವಾಗ ಒಂದು ಸ್ಟ್ರಿಪ್ ಹೆಚ್ಚಿಗೆ ಇಟ್ಟುಕೊಳ್ಳಿ. ಜನೌಷಧಿ ಕೇಂದ್ರದಲ್ಲಿ ಮೆಟೊಪ್ರೊಲಾಲ್ ಕೊಳ್ಳುವಾಗಲೂ ಸಕ್ಸಿನೇಟ್ ಅಂತ ಕೇಳಿ ತೆಗೆದುಕೊಳ್ಳಿ. ಹಲ್ಲು ಕೀಳಿಸುವಾಗ, ಕಣ್ಣಿನ ಪೊರೆ ತೆಗೆಸುವಾಗ, ದೊಡ್ಡ ಆಪರೇಷನ್ ಮಾಡಿಸುವಾಗ ಖಾಲಿ ಹೊಟ್ಟೆಯಲ್ಲಿರಿ ಅಂದರೆಂದು ಈ ಮಾತ್ರೆಯನ್ನು ನೀವಾಗಿ ಬಿಡಬೇಡಿ. ಬೆಳಗಿನ ಡೋಸನ್ನು ಒಂದು ಗುಟುಕು ನೀರಿನಲ್ಲಿ ನುಂಗಬಹುದಾ ಎಂದು ಅರಿವಳಿಕೆ ಕೊಡುವ ವೈದ್ಯರನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.